ಮೋಟರಿನಿಂದ ಶುರು ಮಾಡಿ: ಆಕಾಶದ ಫೋಟೊದಲ್ಲಿ ದೋಷ ಹುಡುಕುವ ಬಗೆ

ಪರದೆಯ ಮೇಲೆ ಮಹಾವ್ಯಾಧ (ಓರಿಯನ್) ನೀಹಾರಿಕೆ, ಅಂದರೆ ಆಕಾಶದಲ್ಲಿ ಹೊಳೆಯುವ ಆ ಮೋಡ, ಚೆನ್ನಾಗಿಯೇ ಬಂದಿತ್ತು. ಅದರ ಎಡಕ್ಕೆ ಆರು ವಡೆಗಳೂ ಬಂದಿದ್ದವು. ನಡುವೆ ತೂತಿರುವ, ದುಂಡನೆಯ ಕಪ್ಪು ಕಲೆಗಳು. ಒಂದೊಂದು ಕಪ್ಪು ವಡೆಯ ಪಕ್ಕದಲ್ಲೂ ಅದೇ ಅಳತೆಯ ಒಂದು ಬಿಳಿ ವಡೆ. ಮೂರು ರಾತ್ರಿ ಕೂತು ಸ್ಲೈಡರ್ ಎಳೆದೆ. ಕಾಂಟ್ರಾಸ್ಟ್ ಇಳಿಸಿದೆ, ಏರಿಸಿದೆ, ಹಿನ್ನೆಲೆ ತೆಗೆದೆ. ವಡೆ ಹೋಗಲಿಲ್ಲ, ನೀಹಾರಿಕೆಯೇ ಸವೆಯಿತು.

ತಪ್ಪು ಸಾಫ್ಟ್‌ವೇರಿನಲ್ಲಿ ಇರಲೇ ಇಲ್ಲ. ಅದು ಆಗಿದ್ದು ನನ್ನ ಬೈಕಿನ ಮೇಲೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ನನ್ನದು ವಿಜಯಪುರದಲ್ಲಿ ಫೋಟೊ ಸ್ಟುಡಿಯೊ. ಮದುವೆ, ಕುಬಸ, ಪಾಸ್‌ಪೋರ್ಟ್ ಫೋಟೊ ಇದರಲ್ಲೇ ದಿನ ಹೋಗುತ್ತದೆ. ಆಕಾಶದ ಹುಚ್ಚು ಹಿಡಿದಿದ್ದು ಆಮೇಲೆ. ಊರೊಳಗೆ ಬೆಳಕು ಜಾಸ್ತಿ, ಹಾಗಾಗಿ ಬಬಲೇಶ್ವರದ ಕಡೆ ಇರುವ ಕಾಕಾನ ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆ. ಹಳೆಯ 18 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, 135 ಎಂಎಂ ಲೆನ್ಸ್, ಟ್ರೈಪಾಡಿನ ಮೇಲೆ ಆಕಾಶದ ಜೊತೆ ತಿರುಗುವ ಒಂದು ಚಿಕ್ಕ ಟ್ರ್ಯಾಕರ್. 60 ಸೆಕೆಂಡಿನ ಫ್ರೇಮ್‌ಗಳು, ಒಂದು ರಾತ್ರಿಗೆ 120. ಆಮೇಲೆ ಅವನ್ನೆಲ್ಲ ಸಿರಿಲ್‌ನಲ್ಲಿ ಒಂದರ ಮೇಲೊಂದು ಪೇರಿಸುವುದು. ಸಿರಿಲ್ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಹಿಂದೆ ಐರಿಸ್ ಅಂತ ಒಂದು ತಂತ್ರಾಂಶ ಇತ್ತು. ಅದರ ಹೆಸರನ್ನು ತಿರುವಿ ಕೊನೆಗೆ ಲಿನಕ್ಸ್‌ನ ಎಲ್ ಅಂಟಿಸಿದರೆ ಸಿರಿಲ್.

ಏಕೆ ಪೇರಿಸಬೇಕು ಅಂದರೆ, ಒಂದು ಫ್ರೇಮಿನಲ್ಲಿ ನೀಹಾರಿಕೆಗಿಂತ ಗದ್ದಲವೇ ಜಾಸ್ತಿ. ನಾಯ್ಸ್‌ಗೆ ನಾನು ಗದ್ದಲ ಅಂತಲೇ ಅನ್ನುತ್ತೇನೆ. 25 ಫ್ರೇಮ್ ಸರಾಸರಿ ಮಾಡಿದರೆ ಗದ್ದಲ ಐದರಲ್ಲಿ ಒಂದು ಪಾಲಾಗುತ್ತದೆ, 100 ಮಾಡಿದರೆ ಹತ್ತರಲ್ಲಿ ಒಂದು ಪಾಲು. ವರ್ಗಮೂಲದ ಲೆಕ್ಕ ಇದು. ಆದರೆ ವಡೆಯಂಥ ದೋಷ ಗದ್ದಲ ಅಲ್ಲ. ಅದು ಪ್ರತಿ ಫ್ರೇಮಿನಲ್ಲೂ ಇರುತ್ತದೆ. ಪೇರಿಸಿದಷ್ಟೂ ಇನ್ನೂ ಚೊಕ್ಕವಾಗಿ ಎದ್ದು ಕಾಣುತ್ತದೆ.

ಎಲ್ಲಿಂದ ಹುಡುಕಬೇಕು

ತೋಟದಲ್ಲಿ ಡ್ರಿಪ್ ನೀರು ನಿಂತರೆ ಕಾಕಾ ಬಳ್ಳಿಯ ಬುಡ ಕೆದರುತ್ತ ಕೂಡುವುದಿಲ್ಲ. ಮೋಟರಿನಿಂದ ಶುರು ಮಾಡಿ ಫಿಲ್ಟರ್, ವಾಲ್ವ್, ಪೈಪು ಅಂತ ನೋಡುತ್ತ ಬರುತ್ತಾರೆ. ನೀರು ಎಲ್ಲಿಯವರೆಗೆ ಸರಿ ಇದೆ, ಎಲ್ಲಿಂದ ಸರಿ ಇಲ್ಲ, ಅಷ್ಟೇ ಅವರ ಪ್ರಶ್ನೆ. ನಾನು ಮೂರು ರಾತ್ರಿ ಬುಡ ಕೆದರಿದವನು.

ಸಿರಿಲ್ ಈ ಹುಡುಕಾಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಹಂತದ ಫೈಲನ್ನೂ ಪ್ರೋಸೆಸ್ ಅನ್ನುವ ಫೋಲ್ಡರಿನಲ್ಲಿ ಬಿಟ್ಟು ಹೋಗುತ್ತದೆ. ಹೆಸರಿನ ಮುಂದೆ ಅಂಟಿದ ಅಕ್ಷರ ನೋಡಿದರೆ ಯಾವ ಹಂತ ಅಂತ ತಿಳಿಯುತ್ತದೆ. ಬರೀ 'ಲೈಟ್' (ಆಕಾಶದ ಫ್ರೇಮ್) ಅಂತಿದ್ದರೆ ಕ್ಯಾಮೆರಾದಿಂದ ಬಂದ ಹಾಗೇ ಇದೆ. ಮುಂದೆ 'ಪಿಪಿ' ಇದ್ದರೆ ಡಾರ್ಕ್, ಫ್ಲ್ಯಾಟ್, ಬಯಾಸ್ ಎಲ್ಲ ಹಾಕಿ ತೊಳೆದದ್ದು. ಈ ಮೂರೂ ಕ್ಯಾಮೆರಾದ ದೋಷ ಕಳೆಯಲೆಂದೇ ಬೇರೆಯಾಗಿ ತೆಗೆದ ಫ್ರೇಮ್‌ಗಳು, ಒಂದೊಂದನ್ನೂ ಮುಂದೆ ಹೇಳುತ್ತೇನೆ. ಅದಕ್ಕೂ ಮುಂದೆ 'ಆರ್' ಇದ್ದರೆ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂರಿಸಿದ್ದು. ಆಮೇಲೆ ಪೇರಿಸಿದ ಕೊನೆಯ ಚಿತ್ರ.

ದೋಷ ಕಂಡ ಕೂಡಲೇ ಕೊನೆಯ ಚಿತ್ರ ಮುಚ್ಚಿಬಿಡಿ. ಒಂದು ಬರೀ ಲೈಟ್ ತೆರೆಯಿರಿ. ಅದರಲ್ಲೇ ದೋಷ ಇದೆಯಾ? ಇದ್ದರೆ ತಪ್ಪು ಹೊಲದಲ್ಲಿ ಆಗಿದೆ. ಇಲ್ಲ ಅಂದರೆ ಪಿಪಿ ತೆರೆಯಿರಿ. ಅಲ್ಲಿ ಹೊಸದಾಗಿ ಹುಟ್ಟಿದ್ದರೆ ಡಾರ್ಕ್, ಫ್ಲ್ಯಾಟ್, ಬಯಾಸ್ ಈ ಮೂರರಲ್ಲಿ ಒಂದು ಕೆಟ್ಟಿದೆ. ಪಿಪಿ ಶುದ್ಧವಾಗಿದ್ದು ಆರ್ ಕೆಟ್ಟಿದ್ದರೆ ಹೊಂದಿಕೆಯ ತೊಂದರೆ. ಎರಡೂ ಸರಿ ಇದ್ದು ಪೇರಿಸಿದ್ದು ಮಾತ್ರ ಕೆಟ್ಟಿದ್ದರೆ ಪೇರಿಸುವ ವಿಧಾನ ತಪ್ಪು. ಎಲ್ಲವೂ ಸರಿ ಇದ್ದರೆ ಮಾತ್ರ ಸ್ಲೈಡರ್ ಎಳೆದ ನಿಮ್ಮ ಕೈಯನ್ನು ಅನುಮಾನಿಸಿ.

ಈ ಹಂತಗಳನ್ನೆಲ್ಲ ತಾನೇ ನಡೆಸುವ ಸಿರಿಲ್‌ನ ಸ್ಕ್ರಿಪ್ಟ್ ಶುರುವಾಗುತ್ತಲೇ ಕೆಂಪಕ್ಷರ ತೋರಿಸಿ ನಿಂತರೆ ಇಷ್ಟೆಲ್ಲ ಬೇಕಿಲ್ಲ. ಫೋಲ್ಡರ್‌ಗಳ ಹೆಸರು ನೋಡಿ. ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸೆಸ್ ಅಂತ ನಾಲ್ಕೂ ಬಹುವಚನದಲ್ಲೇ ಇರಬೇಕು. ಮನೆಯ ಗುರುತು ಒತ್ತಿ ಆ ನಾಲ್ಕೂ ಇರುವ ಫೋಲ್ಡರನ್ನು ಆರಿಸಬೇಕು, ಲೈಟ್ಸ್ ಒಳಗೆ ಹೋಗಿ ಕೂಡಬಾರದು. ಇನ್ನೊಂದು ಮಾತು ಸ್ಟುಡಿಯೊದವರಿಗೆ. ನಮಗೆ ರಾ (ಸೆನ್ಸರಿನಿಂದ ಬಂದ ಹಾಗೇ ಇರುವ ಫೈಲ್) ಮತ್ತು ಜೆಪೆಗ್ ಎರಡೂ ತೆಗೆಯುವ ರೂಢಿ ಇರುತ್ತದೆ. ಫೋಲ್ಡರಿನಲ್ಲಿ ಎರಡೂ ಕಲೆತಿದ್ದರೆ ಸಿರಿಲ್ ಎಡವುತ್ತದೆ. ಜೆಪೆಗ್‌ಗಳನ್ನು ಬೇರೆ ಕಡೆ ಎತ್ತಿಡಿ.

ಚಿತ್ರ ಪೂರ್ತಿ ಕಪ್ಪು

ಮೊದಲ ಸಲ ಪೇರಿಸಿ ಮುಗಿಸಿದಾಗ ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ಪರದೆ ಪೂರ್ತಿ ಕಪ್ಪು, ನಾಲ್ಕೈದು ಚುಕ್ಕಿ.

"ಏನ್ ತಮ್ಮಾ, ರಾತ್ರಿ ಇಡೀ ಥಂಡ್ಯಾಗ ಕುಂತು ಇದನ್ನ ತಗದೀ?"

ಕೆಟ್ಟಿಲ್ಲ ಅದು. ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ ಬೆಳಕಿನ ಅಂಕಿ 0 ರಿಂದ 16383 ರವರೆಗೆ ಇರುತ್ತದೆ. ಆಕಾಶ, ನೀಹಾರಿಕೆಯ ಮಂದ ಭಾಗ ಎರಡೂ ಕೆಳತುದಿಯ ಒಂದು ಸಣ್ಣ ಸಂದಿಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಕೆಳಗಡೆ ಲೀನಿಯರ್ ಅಂತಿರುವ ಕಡೆ ಆಟೊಸ್ಟ್ರೆಚ್ ಆರಿಸಿ. ನೀಹಾರಿಕೆ ಎದ್ದು ಬರುತ್ತದೆ.

ಇದರ ಬೆನ್ನಿಗೇ ಬರುವ ದೋಷ ಇದರ ತದ್ವಿರುದ್ಧ. ಪರದೆಯಲ್ಲಿ ಚೆಂದ ಕಂಡಿತು, ಜೆಪೆಗ್ ಉಳಿಸಿದೆ, ವಾಟ್ಸಾಪ್‌ನಲ್ಲಿ ಕಳಿಸಿದೆ. ಅಳಿಯ ಫೋನ್ ಮಾಡಿದ: "ಮಾಮಾ, ಕರ್ರಗ ಐತಲ್ರಿ ಇದು." ಆಟೊಸ್ಟ್ರೆಚ್ ಬರೀ ಕನ್ನಡಕ ಇದ್ದ ಹಾಗೆ. ಅದು ನೋಟ ಬದಲಿಸುತ್ತದೆ, ಫೈಲನ್ನಲ್ಲ. ಫೈಲೇ ಬೆಳಗಬೇಕು ಅಂದರೆ ಹಿಸ್ಟೊಗ್ರಾಮ್ ಟ್ರಾನ್ಸ್‌ಫರ್ಮೇಶನ್‌ಗೆ ಹೋಗಿ ಒತ್ತೊತ್ತಾಗಿ ಕೂತ ಆ ಅಂಕಿಗಳನ್ನು ನಿಜವಾಗಿ ಹಿಗ್ಗಿಸಬೇಕು. ಅದಕ್ಕೂ ಮೊದಲು ಕನ್ನಡಕ ತೆಗೆದು ಲೀನಿಯರ್‌ಗೆ ವಾಪಸ್ ಬನ್ನಿ. ಕನ್ನಡಕ ಹಾಕಿಕೊಂಡೇ ಹಿಗ್ಗಿಸಿದರೆ ಎರಡು ಸಲ ಹಿಗ್ಗಿ ಪರದೆ ಸುಣ್ಣ ಬಳಿದ ಗೋಡೆಯಾಗುತ್ತದೆ.

ಚಿತ್ರ ಹಸಿರು

ಇದಕ್ಕೆ ಹೆದರಬೇಡಿ. ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್‌ನಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಬಣ್ಣ ಸರಿಮಾಡುವ ಮೊದಲು ಚಿತ್ರ ಹಸಿರಾಗಿರುವುದೇ ಸಹಜ. ಆಟೊಸ್ಟ್ರೆಚ್ ಪಕ್ಕದ ಸರಪಳಿ ಗುರುತನ್ನು ಬಿಡಿಸಿದರೆ ಮೂರೂ ಬಣ್ಣ ಬೇರೆಬೇರೆಯಾಗಿ ಹಿಗ್ಗಿ ಹಸಿರು ಕಣ್ಣಿಗೆ ಮರೆಯಾಗುತ್ತದೆ. ನಿಜವಾದ ಮದ್ದು ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್. ಅದು ಚಿತ್ರದ ನಕ್ಷತ್ರಗಳನ್ನು ಗೈಯಾದಂಥ ನಕ್ಷತ್ರ ಪಟ್ಟಿಗೆ ಹೋಲಿಸಿ ಬಣ್ಣ ಹೊಂದಿಸುತ್ತದೆ. ಗೈಯಾ ಅಂದರೆ 2013ರಲ್ಲಿ ಯುರೋಪಿನವರು ಹಾರಿಸಿದ ದೂರದರ್ಶಕ, 2022ರ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಬಬಲೇಶ್ವರದ ತೋಟದಲ್ಲಿ ಕೂತು ತೆಗೆದ ಫೋಟೊದ ಬಣ್ಣಕ್ಕೆ ಅದು ಸಾಕ್ಷಿ ಹೇಳುತ್ತದೆ ಅನ್ನುವುದು ನನಗೆ ಈಗಲೂ ಸೋಜಿಗ.

ಹಸಿರಲ್ಲ, ಬೂದು ಬಣ್ಣದ ಚಿತ್ರ, ಹತ್ತಿರ ಹೋಗಿ ನೋಡಿದರೆ ಚದುರಂಗದ ಮಣೆಯಂಥ ಚೌಕಗಳು ಅಂತಾದರೆ ಅದು ಬೇರೆ ದೋಷ. ಡಿಬೇಯರ್ ಮಾಡುವುದು, ಅಂದರೆ ಆ ಬಿಡಿ ಪಿಕ್ಸೆಲ್‌ಗಳಿಂದ ಬಣ್ಣದ ಚಿತ್ರ ಕಟ್ಟುವುದು, ಮರೆತಿದ್ದೀರಿ.

ವಡೆಗಳು

ಈಗ ನನ್ನ ವಡೆಗೆ ಬರೋಣ.

ಸೆನ್ಸರಿನ ಮುಂದಿನ ಗಾಜಿನ ಮೇಲೆ ಧೂಳಿನ ಕಣ ಕೂತರೆ ಚಿತ್ರದಲ್ಲಿ ಅದರ ನೆರಳು ದುಂಡಗೆ ಬೀಳುತ್ತದೆ. ಕಣ ಸೆನ್ಸರಿಗೆ ಹತ್ತಿರ ಇದ್ದಷ್ಟೂ ನೆರಳು ಚಿಕ್ಕದು, ಕಡುಗಪ್ಪು. ದೂರ ಇದ್ದಷ್ಟೂ ದೊಡ್ಡದು, ಮಸುಕು. ನಮ್ಮ ಕಡೆ ಫೆಬ್ರುವರಿ ಅಂದರೆ ಜೋಳದ ಸುಗ್ಗಿ. ಎಲ್ಲೋ ಒಂದು ಕಡೆ ರಾಶಿ ಮಾಡುವ ಮಷಿನ್ ನಡೆದೇ ಇರುತ್ತದೆ. ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನಯ. ಹೊಲದಲ್ಲಿ ಲೆನ್ಸ್ ಬದಲಿಸಿದರೆ ಮುಗಿಯಿತು.

ಧೂಳಿನ ನೆರಳು ತೆಗೆಯುವುದಕ್ಕೇ ಫ್ಲ್ಯಾಟ್ ಇರುವುದು. ಲೆನ್ಸಿಗೆ ಬಿಳಿ ಬಟ್ಟೆ ಬಿಗಿದು, ಬೆಳಗಿನ ಆಕಾಶಕ್ಕೆ ಮುಖ ಮಾಡಿ 20–30 ಫ್ರೇಮ್ ತೆಗೆಯಬೇಕು. ಹಿಸ್ಟೊಗ್ರಾಮಿನ (ಎಷ್ಟು ಬೆಳಕಿನ ಪಿಕ್ಸೆಲ್ ಎಷ್ಟಿವೆ ಅಂತ ತೋರಿಸುವ ನಕ್ಷೆ) ಗುಡ್ಡ ನಡುಭಾಗದಲ್ಲಿ ಇರಬೇಕು. ಬರೀ ಬಿಳಿ ತೆಗೆದರೂ ಅದರಲ್ಲಿ ಧೂಳಿನ ನೆರಳು, ಮೂಲೆಯ ಮಬ್ಬು ಎರಡೂ ಬರುತ್ತವೆ. ಸಿರಿಲ್ ಲೈಟನ್ನು ಈ ಫ್ಲ್ಯಾಟಿನಿಂದ ಭಾಗಿಸುತ್ತದೆ. ಎಲ್ಲಿ ನೆರಳಿದೆಯೋ ಅಲ್ಲಿ ಚಿಕ್ಕ ಅಂಕಿಯಿಂದ ಭಾಗಿಸಿದ ಹಾಗಾಗಿ ಆ ಜಾಗ ಮೇಲೆದ್ದು ಸಮವಾಗುತ್ತದೆ.

ಆ ರಾತ್ರಿ ಚಳಿ ಜೋರಿತ್ತು. ಎರಡು ಗಂಟೆಗೆ ಎಲ್ಲ ಮುಗಿಸಿ, ಫ್ಲ್ಯಾಟ್ ಬೆಳಿಗ್ಗೆ ಮನೆಯಲ್ಲಿ ತೆಗೆದರಾಯಿತು ಅಂತ ಕ್ಯಾಮೆರಾ ಬ್ಯಾಗಿಗೆ ಹಾಕಿದೆ. ಲೆನ್ಸ್ ಬಿಚ್ಚಲಿಲ್ಲ, ಫೋಕಸ್ ಮುಟ್ಟಲಿಲ್ಲ. ಎಷ್ಟು ಜಾಣ ನಾನು ಅಂದುಕೊಂಡೆ. ಆದರೆ ತೋಟದಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಬಂಡಿ ದಾರಿ. ಬೈಕಿನ ಕುಲುಕಿಗೆ ಒಳಗಿನ ಧೂಳು ಜಾಗ ಬದಲಿಸಿತು.

ಈಗ ಲೆಕ್ಕ ಹಾಕಿ ನೋಡಿ. ಲೈಟಿನಲ್ಲಿ ಧೂಳು ಒಂದು ಕಡೆ ಇತ್ತು. ಫ್ಲ್ಯಾಟಿನಲ್ಲಿ ಸ್ವಲ್ಪ ಬಲಕ್ಕೆ ಸರಿದಿತ್ತು. ಲೈಟಿನ ನೆರಳನ್ನು ಯಾರೂ ತೆಗೆಯಲಿಲ್ಲ, ಅದು ಕಪ್ಪು ವಡೆಯಾಗಿ ಉಳಿಯಿತು. ನೆರಳೇ ಇಲ್ಲದ ಜಾಗವನ್ನು ಫ್ಲ್ಯಾಟ್ ಸುಮ್ನೆ ಬೆಳಗಿಸಿತು, ಅದು ಬಿಳಿ ವಡೆಯಾಯಿತು. ಕಪ್ಪು–ಬಿಳಿ ಜೋಡಿ ಕಂಡರೆ ಧೂಳು ಸರಿದಿದೆ ಅಂತಲೇ ಅರ್ಥ. ಪ್ರೋಸೆಸ್ ಫೋಲ್ಡರಿನಲ್ಲಿ ಬರೀ ಲೈಟ್ ತೆರೆದಾಗ ಕಪ್ಪು ಮಾತ್ರ ಇತ್ತು. ಪೇರಿಸಿದ ಫ್ಲ್ಯಾಟ್ ತೆರೆದಾಗಲೂ ಕಪ್ಪೇ ಇತ್ತು, ಆದರೆ ಒಂದು ಬೆರಳಿನಷ್ಟು ಆಚೆ. ಪಿಪಿಯಲ್ಲಿ ಜೋಡಿ ಹುಟ್ಟಿತ್ತು. ಮೂರು ರಾತ್ರಿಯ ಕೆಲಸ ಐದು ನಿಮಿಷಕ್ಕೆ ಮುಗಿಯಿತು.

ಬರೀ ಕಪ್ಪು ವಡೆ ಇದ್ದು ಬಿಳಿ ಇಲ್ಲದಿದ್ದರೆ ಫ್ಲ್ಯಾಟ್ ಹಾಕಿಯೇ ಇಲ್ಲ, ಇಲ್ಲವೇ ಫ್ಲ್ಯಾಟ್ ತೆಗೆದ ಮೇಲೆ ಹೊಸ ಧೂಳು ಬಂದಿದೆ. ಬರೀ ಬಿಳಿ ಇದ್ದರೆ ಧೂಳು ಫ್ಲ್ಯಾಟಿಗೆ ಮಾತ್ರ ಬಂದಿದೆ. ಬಿಳಿ ಬಟ್ಟೆಯ ಕಲೆಯಾ ಅಂತ ಕೇಳಬಹುದು. ಲೆನ್ಸಿನ ಬಾಯಿಗೆ ಕಟ್ಟಿದ ಬಟ್ಟೆ ಫೋಕಸ್‌ನಿಂದ ಬಹಳ ದೂರ ಇರುತ್ತದೆ, ಅದರ ಚಿಕ್ಕ ಕಲೆ ಚಿತ್ರದಲ್ಲಿ ಕರಗಿ ಹೋಗುತ್ತದೆ. ಹಳೆಯ ಬನಿಯನ್ನೂ ನಡೆಯುತ್ತದೆ, ನಾನು ಅದನ್ನೇ ಕಟ್ಟುವುದು.

ಮೂಲೆ ಕಪ್ಪು, ಮೂಲೆ ಬಿಳಿ

ಫ್ಲ್ಯಾಟ್ ಹಾಕಿದ ಮೇಲೂ ಮೂಲೆಗಳು ಸರಿಯಾಗದಿದ್ದರೆ ಅನುಮಾನ ಬಯಾಸ್ ಕಡೆ ಹೋಗಲಿ. ಬಯಾಸ್ ಅಂದರೆ ಮುಚ್ಚಳ ಹಾಕಿ, ಕ್ಯಾಮೆರಾಕ್ಕೆ ಸಾಧ್ಯವಾದ ಅತಿ ಕಡಿಮೆ ಸಮಯದಲ್ಲಿ ತೆಗೆದ ಫ್ರೇಮ್. ಬೆಳಕೇ ಇಲ್ಲದ ಅದರಲ್ಲಿ ಏನಿರುತ್ತದೆ ಅಂತ ನಾನೂ ಮೊದಲು ಅದನ್ನು ಬಿಟ್ಟುಬಿಡುತ್ತಿದ್ದೆ. ಇರುತ್ತದೆ. ಅನೇಕ ಕ್ಯಾಮೆರಾಗಳು ಸೊನ್ನೆಯಿಂದ ಎಣಿಸುವುದಿಲ್ಲ. ನನ್ನದು 2048ರಿಂದ ಎಣಿಸುತ್ತದೆ. ತಕ್ಕಡಿಯ ಮೇಲೆ ಮೊದಲೇ ಪಾತ್ರೆ ಇಟ್ಟ ಹಾಗೆ. ಪಾತ್ರೆಯ ತೂಕ ಕಳೆಯದೆ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಹೇಗೆ ತಪ್ಪುತ್ತದೆ ನೋಡಿ. ಲೆನ್ಸಿನ ಮೂಲೆಗೆ ನಡುವಿನ ಅರ್ಧ ಬೆಳಕು ಬರುತ್ತದೆ ಅಂದುಕೊಳ್ಳಿ. ಫ್ಲ್ಯಾಟಿನ ನಡುವೆ ನಿಜವಾದ ಬೆಳಕು 8000, ಮೂಲೆಯಲ್ಲಿ 4000. ಪಾತ್ರೆ ಸೇರಿದರೆ 10048 ಮತ್ತು 6048. ಅರ್ಧ ಇರಬೇಕಾದ್ದು ಈಗ 0.6 ಆಯಿತು. ಫ್ಲ್ಯಾಟಿನಿಂದ ಬಯಾಸ್ ಕಳೆಯದಿದ್ದರೆ ತಿದ್ದುಪಡಿ ಸಾಲುವುದಿಲ್ಲ, ಮೂಲೆ ಇನ್ನೂ ಕಪ್ಪಾಗಿಯೇ ಇರುತ್ತದೆ.

ಇನ್ನೊಂದು ಕಡೆಯಿಂದ ತಪ್ಪಿದರೆ ಉಲ್ಟಾ. ಲೈಟಿನ ನಡುವೆ ಆಕಾಶದ ಬೆಳಕು 300, ಮೂಲೆಯಲ್ಲಿ 150. ಪಾತ್ರೆ ಸೇರಿ 2348 ಮತ್ತು 2198. ಈ ಲೈಟಿನಿಂದ ಡಾರ್ಕ್ ಅಥವಾ ಬಯಾಸ್ ಕಳೆಯದೆ ಮೂಲೆಯನ್ನು ಅರ್ಧದಿಂದ ಭಾಗಿಸಿದರೆ 4396 ಬರುತ್ತದೆ. ನಡುವಿಗಿಂತ ಮೂಲೆ ಹತ್ತಿರ ಹತ್ತಿರ ಎರಡು ಪಟ್ಟು ಬೆಳಗುತ್ತದೆ. ಹಾಗಾಗಿ ಮೂಲೆ ಕಪ್ಪಾಗಿ ಉಳಿದರೆ ಫ್ಲ್ಯಾಟಿನ ಬಯಾಸ್ ನೋಡಿ. ಮೂಲೆ ಬಿಳಿಚಿಕೊಂಡರೆ ಲೈಟಿನ ಡಾರ್ಕ್ ನೋಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಎಲ್ಲದರಲ್ಲೂ ಒಂದೇ ಇದೆಯಾ ಅಂತಲೂ ನೋಡಿ. ಮದುವೆಯಿಂದ ನೇರ ತೋಟಕ್ಕೆ ಹೋದ ದಿನ ನಾನು ಅಲ್ಲಿಯೇ ಸಿಕ್ಕಿಬಿದ್ದದ್ದು.

ಕೆಳಗಡೆ ಒಂದು ಕಪ್ಪು ಹೊಗೆ

ಇದೂ ನನ್ನದೇ ಪ್ರತಾಪ. ಚಿತ್ರದ ಕೆಳ ಅಂಚಿನಲ್ಲಿ ಹೊಗೆಯಂಥ ಕಪ್ಪು ಪಟ್ಟಿ. ಲೈಟಿನಲ್ಲಿ ಇಲ್ಲ, ಫ್ಲ್ಯಾಟಿನಲ್ಲಿ ಇಲ್ಲ. ಪೇರಿಸಿದ ಡಾರ್ಕ್ ತೆರೆದು ಆಟೊಸ್ಟ್ರೆಚ್ ಹಾಕಿದೆ. ಕತ್ತಲೆ ಇರಬೇಕಾದ ಕಡೆ ಕೆಳಗಿನಿಂದ ಬೆಳಕು ಹೊಮ್ಮುತ್ತಿತ್ತು. ಡಾರ್ಕ್‌ನಲ್ಲಿ ಇರುವ ಬೆಳಕನ್ನು ಲೈಟಿನಿಂದ ಕಳೆದರೆ ಅಲ್ಲಿ ಕಪ್ಪೇ ಉಳಿಯುತ್ತದೆ, ಅಲ್ವಾ?

ಡಾರ್ಕ್ ಅಂದರೆ ಲೈಟಿನಷ್ಟೇ ಸಮಯ, ಅದೇ ಐಎಸ್‌ಒ, ಮುಚ್ಚಳ ಹಾಕಿ ತೆಗೆಯುವುದು. ನಾನು ಅದನ್ನು ಬೆಳಿಗ್ಗೆ ಪಡಸಾಲೆಯ ಮಂಚದ ಮೇಲೆ ಇಟ್ಟು ತೆಗೆದಿದ್ದೆ. ಲೆನ್ಸಿಗೆ ಮುಚ್ಚಳ ಇತ್ತು. ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ಗೆ ಏನೂ ಇರಲಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಬಿಸಿಲು ಆ ಕಿಂಡಿಯಿಂದ ಒಳಗೆ ಸೋರುತ್ತದೆ. ಈಗ ಕಪ್ಪು ಟೇಪ್ ಅಂಟಿಸುತ್ತೇನೆ, ಮೇಲೊಂದು ಟವೆಲ್.

ಬಿಸಿಯೂ ಸರಿಹೊಂದಬೇಕು. ಸುಮಾರು 6 ಡಿಗ್ರಿ ಏರಿದರೆ ಸೆನ್ಸರಿನ ಬಿಸಿಯಿಂದ ಹುಟ್ಟುವ ಸಂಕೇತ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಜನವರಿಯ ಡಾರ್ಕ್ ಇಟ್ಟುಕೊಂಡು ಏಪ್ರಿಲ್‌ನ ಲೈಟಿಗೆ ಹಾಕಿದರೆ ಕೆಂಪು ನೀಲಿ ಚುಕ್ಕಿಗಳು ಉಳಿದುಕೊಳ್ಳುತ್ತವೆ. ನಮ್ಮ ಊರಿನ ಏಪ್ರಿಲ್ ನಿಮಗೆ ಗೊತ್ತೇ ಇದೆ. ಒಳ್ಳೆಯದು ಅಂದರೆ ಕೆಲಸ ಮುಗಿದ ಕೂಡಲೇ ಹೊಲದಲ್ಲೇ ಡಾರ್ಕ್ ತೆಗೆಯುವುದು. ಕ್ಯಾಮೆರಾ ತನ್ನ ಪಾಡಿಗೆ ತೆಗೆಯುತ್ತಿರಲಿ, ನೀವು ಚಹಾ ಕುಡಿಯಿರಿ.

ನಕ್ಷತ್ರ ದುಂಡಗಿಲ್ಲ

ಬರೀ ಲೈಟ್ ತೆರೆದು ಪೂರ್ತಿ ಹತ್ತಿರಕ್ಕೆ ಹೋಗಿ. ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ ಎಳೆದಿದ್ದರೆ ಟ್ರ್ಯಾಕರಿನ ಅಕ್ಷ ಧ್ರುವಕ್ಕೆ ನೆಟ್ಟಗಿಲ್ಲ. ಮೂಲೆಯವು ಮಾತ್ರ ಹಕ್ಕಿಯ ರೆಕ್ಕೆಯಂತಿದ್ದರೆ ಅದು ಲೆನ್ಸಿನ ಗುಣ, ಬೆಳಕು ಬರುವ ಅದರ ಕಿಂಡಿಯನ್ನು ಒಂದೆರಡು ಸ್ಟಾಪ್ ಕಿರಿದು ಮಾಡಿ. ಎಲ್ಲೋ ಒಂದೆರಡು ಫ್ರೇಮಿನಲ್ಲಿ ನಕ್ಷತ್ರ ಜೋಡಿಯಾಗಿದ್ದರೆ ಯಾರೋ ಟ್ರೈಪಾಡ್ ಎಡವಿದ್ದಾರೆ. ನಮ್ಮಲ್ಲಿ ಅದು ಕಾಕಾನ ನಾಯಿ.

ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ತಿರುಗುತ್ತದೆ. ನನ್ನ ಕ್ಯಾಮೆರಾದ ಪಿಕ್ಸೆಲ್ 4.3 ಮೈಕ್ರಾನ್. ಇದನ್ನು 206.265ರಿಂದ (ಉದ್ದದ ಅಳತೆಯನ್ನು ಆರ್ಕ್‌ಸೆಕೆಂಡಿಗೆ ತಿರುಗಿಸುವ ಅಂಕಿ) ಗುಣಿಸಿ ಲೆನ್ಸಿನ 135ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 6.6 ಆರ್ಕ್‌ಸೆಕೆಂಡ್. ಅಂದರೆ ಟ್ರ್ಯಾಕರ್ ಇಲ್ಲದೆ ಬರೀ 2 ಸೆಕೆಂಡ್ ತೆರೆದರೂ ಮಹಾವ್ಯಾಧನ ನಕ್ಷತ್ರ ನಾಲ್ಕೂವರೆ ಪಿಕ್ಸೆಲ್ ಎಳೆಯುತ್ತದೆ. ಟ್ರ್ಯಾಕರ್ ಇದ್ದೂ ಎಳೆದರೆ ಧ್ರುವದ ಹೊಂದಿಕೆ ತಪ್ಪಿದೆ. ನಮ್ಮ ಅಕ್ಷಾಂಶ ಸುಮಾರು 16.8 ಡಿಗ್ರಿ. ಧ್ರುವ ನಕ್ಷತ್ರವೂ ದಿಗಂತದಿಂದ ಹೆಚ್ಚು ಕಡಿಮೆ ಅಷ್ಟೇ ಎತ್ತರ, ಕೈ ಚಾಚಿ ಹಿಡಿದ ಎರಡು ಮುಷ್ಟಿಗಿಂತ ಕಡಿಮೆ. ಒಂದು ಬೇವಿನ ಮರ, ಒಂದು ಒಣದ್ರಾಕ್ಷಿ ಶೆಡ್ಡು ಸಾಕು ಅದನ್ನು ಮರೆಮಾಡಲು. ಸಾಲದ್ದಕ್ಕೆ ಕಾಕಾನ ತೋಟದಿಂದ ಈಶಾನ್ಯಕ್ಕೆ ವಿಜಯಪುರದ ಬೆಳಕು. ಟ್ರೈಪಾಡ್ ಇಡುವ ಮೊದಲೇ ಉತ್ತರ ಕಾಣುವ ಜಾಗ ನೋಡಿ. ಅತ್ತ ಮಹಾವ್ಯಾಧ ದಕ್ಷಿಣದಲ್ಲಿ 68 ಡಿಗ್ರಿ ಎತ್ತರಕ್ಕೆ ಏರುತ್ತಾನೆ, ಅವನಿಗೆ ಯಾವ ಮರವೂ ಅಡ್ಡ ಇಲ್ಲ.

ಬಿಡಿ ಫ್ರೇಮ್‌ಗಳಲ್ಲಿ ದುಂಡಗಿದ್ದು ಪೇರಿಸಿದ ಮೇಲೆ ಉದ್ದವಾದರೆ ಹೊಂದಿಕೆಯ ತಪ್ಪು. ಹೊಂದಿಕೆಯೇ ಆಗದೆ ಅರ್ಧ ಫ್ರೇಮ್ ಬಿಟ್ಟುಹೋದರೆ ಸಿರಿಲ್‌ಗೆ ನಕ್ಷತ್ರ ಸಾಕಾಗಿಲ್ಲ. ತೆಳು ಮೋಡ, ಲೆನ್ಸಿನ ಮೇಲೆ ಇಬ್ಬನಿ, ಇಲ್ಲವೇ ಆಧಾರಕ್ಕೆ ಆರಿಸಿದ ಫ್ರೇಮೇ ಕೆಟ್ಟದ್ದು. ಬೇರೆ ಒಂದು ಒಳ್ಳೆಯ ಫ್ರೇಮ್ ಆರಿಸಿ ಮತ್ತೆ ಓಡಿಸಿ.

ಬಣ್ಣ ಹೊಂದಿಸುವ ಹಂತದಲ್ಲಿ ಪ್ಲೇಟ್ ಸಾಲ್ವಿಂಗ್ (ಚಿತ್ರ ಆಕಾಶದ ಯಾವ ಭಾಗದ್ದು ಅಂತ ನಕ್ಷತ್ರಗಳಿಂದ ಗುರುತಿಸುವುದು) ಸೋತಿತು ಅಂತ ಬಂದರೆ ಎರಡೇ ಎರಡು ನೋಡಿ. ಲೆನ್ಸಿನ ಫೋಕಲ್ ಉದ್ದ, ಪಿಕ್ಸೆಲ್ ಅಳತೆ ಸರಿ ಹಾಕಿದ್ದೀರಾ? ಇಂಟರ್ನೆಟ್ ಇದೆಯಾ?

ಸಣ್ಣಪುಟ್ಟವು

ಚಿತ್ರದಲ್ಲಿ ಓರೆ ಮಳೆ ಸುರಿದ ಹಾಗೆ ಗೆರೆಗಳು: ಪ್ರತಿ ಫ್ರೇಮಿನಲ್ಲೂ ಆಕಾಶ ಒಂದೇ ಕಡೆಗೆ ಚೂರುಚೂರೇ ಸರಿದಿದೆ, ಸೆನ್ಸರಿನ ಕಲೆಗಳು ಅದರ ಹಿಂದೆ ಸಾಲಾಗಿ ನಡೆದಿವೆ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಪೂರ್ತಿ ಮದ್ದಿಲ್ಲ. ಹೊಲದಲ್ಲೇ ನಾಲ್ಕೈದು ಫ್ರೇಮಿಗೊಮ್ಮೆ ಕ್ಯಾಮೆರಾವನ್ನು ಮನಸ್ಸಿಗೆ ಬಂದ ದಿಕ್ಕಿಗೆ ಒಂದಿಷ್ಟು ಸರಿಸಬೇಕು. ಡಿದರಿಂಗ್ ಅನ್ನುತ್ತಾರೆ.

ಉಪಗ್ರಹದ ಗೆರೆ ಉಳಿದಿದ್ದರೆ ಸಮ್ (ಬರೀ ಕೂಡಿಸುವುದು) ಅಂತ ಪೇರಿಸಿದ್ದೀರಾ ನೋಡಿ. ಎವರೇಜ್ ವಿತ್ ರಿಜೆಕ್ಷನ್ ಬೇಕು. ಉಳಿದ ಫ್ರೇಮ್‌ಗಳಲ್ಲಿ ಇಲ್ಲದ ಬೆಳಕನ್ನು ಅದು ಕಿತ್ತು ಹಾಕುತ್ತದೆ. ನಾಲ್ಕೈದೇ ಫ್ರೇಮ್ ಇದ್ದರೆ ಯಾವುದು ಕಳ್ಳ ಅಂತ ಅದಕ್ಕೂ ಗೊತ್ತಾಗುವುದಿಲ್ಲ.

ನೀಹಾರಿಕೆಯ ಸುತ್ತ ಕಪ್ಪು ಬಳೆ ಬಂದರೆ ಹಿನ್ನೆಲೆ ತೆಗೆಯುವಾಗ, ಇದು ಬರೀ ಆಕಾಶ ಅಂತ ಸಿರಿಲ್‌ಗೆ ತೋರಿಸುವ ಚೌಕವನ್ನು ನೀಹಾರಿಕೆಯ ಮೇಲೇ ಇಟ್ಟಿದ್ದೀರಿ. ಸಿರಿಲ್ ಅದನ್ನೂ ಊರಿನ ಬೆಳಕು ಅಂದುಕೊಂಡು ಕಳೆದುಬಿಟ್ಟಿದೆ. ಆ ಚೌಕಗಳನ್ನು ಬಲಗಡೆ ಕ್ಲಿಕ್ ಮಾಡಿ ಅಳಿಸಿ ಮತ್ತೆ ಮಾಡಿ. ಮಹಾವ್ಯಾಧನಲ್ಲಿ ಮಂದ ಮೋಡ ನಾವು ಅಂದುಕೊಂಡದ್ದಕ್ಕಿಂತ ಬಹಳ ದೂರ ಹರಡಿದೆ, ಹಾಗಾಗಿ ನಾನು ಚೌಕ ಕಡಿಮೆಯೇ ಇಡುತ್ತೇನೆ.

ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಕಂಡರೆ ಜೆಪೆಗ್ ಮಾಡಿ ಆಮೇಲೆ ಹಿಗ್ಗಿಸಿದ್ದೀರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಫೋಟೊಶಾಪ್‌ಗೆ ಒಯ್ಯುವುದಿದ್ದರೆ 16 ಬಿಟ್ ಟಿಫ್ ಉಳಿಸಿ.

ಅರ್ಧಕ್ಕೆ ನಿಂತು ಜಾಗ ಸಾಲದು ಅಂದರೆ ಅದು ನಿಜವೇ. 18 ಮೆಗಾಪಿಕ್ಸೆಲ್‌ನ ಒಂದು ಫ್ರೇಮ್ 16 ಬಿಟ್‌ನಲ್ಲಿ 36 ಎಂಬಿ. ಮೂರು ಬಣ್ಣ ಬಿಡಿಸಿ 32 ಬಿಟ್ ಮಾಡಿದರೆ 216 ಎಂಬಿ. ಪಿಪಿಗೆ ಒಂದು, ಆರ್‌ಗೆ ಒಂದು. ಬರೀ ಲೈಟೂ ಸೇರಿ 120 ಫ್ರೇಮಿಗೆ ಸುಮಾರು 56 ಜಿಬಿ. ಮದುವೆ ಆಲ್ಬಂಗಳು ತುಂಬಿದ ಡಿಸ್ಕಿನಲ್ಲಿ ಇದು ಎಲ್ಲಿ ಹಿಡಿಯಬೇಕು? ಚಿತ್ರ ಮುಗಿದ ಮೇಲೆ ಪ್ರೋಸೆಸ್ ಫೋಲ್ಡರ್ ಅಳಿಸಬಹುದು. ಆದರೆ ದೋಷ ಪತ್ತೆಯಾಗುವವರೆಗೆ ಅಳಿಸಬೇಡಿ.

ಫೋಕಸ್

ನಕ್ಷತ್ರಗಳೆಲ್ಲ ಉಬ್ಬಿ ನಡುವೆ ಟೊಳ್ಳಾಗಿದ್ದರೆ, ಬರೀ ಲೈಟಿನಲ್ಲೇ ಹಾಗಿದ್ದರೆ, ಮುಂದಿನ ಯಾವ ಫೈಲನ್ನೂ ತೆರೆಯುವ ಕೆಲಸ ಇಲ್ಲ. ನಾನು ಮದುವೆ ಆಲ್ಬಂನ ಕಪ್ಪು ರಟ್ಟಿನಲ್ಲಿ ಮೂರು ದಿಕ್ಕಿನ ಸೀಳು ಕೊಯ್ದು ಬಾಹ್ಟಿನೋವ್ ಮಾಸ್ಕ್ ಮಾಡಿಕೊಂಡಿದ್ದೇನೆ. ಲೆನ್ಸಿನ ಮುಂದೆ ಹಿಡಿದು ಹೊಳೆಯುವ ಒಂದು ನಕ್ಷತ್ರ ನೋಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನ ಗೆರೆ ಉಳಿದೆರಡರ ಸರಿಯಾದ ಮಧ್ಯಕ್ಕೆ ಬಂದರೆ ಫೋಕಸ್ ಕೂತಿತು. ಕೂತ ಮೇಲೆ ರಿಂಗಿಗೆ ಟೇಪ್ ಸುತ್ತಿ. ರಾತ್ರಿ ತಂಪಾದಂತೆ ಫೋಕಸ್ ಸರಿಯುತ್ತದೆ, ಹಾಗಾಗಿ ಗಂಟೆಗೊಮ್ಮೆ ಮತ್ತೆ ನೋಡಿ. ಇದನ್ನು ಮಾಡದೆ ಮಲಗಿದ ರಾತ್ರಿಯ 120 ಫ್ರೇಮ್‌ಗಳು ನನ್ನ ಹತ್ತಿರ ಇದ್ದವು. ಅಳಿಸಿದೆ, ಡಿಸ್ಕಿನಲ್ಲಿ ಒಂದು ಮದುವೆಗಾಗುವಷ್ಟು ಜಾಗ ಸಿಕ್ಕಿತು.